ಬೀಗರ ಕಾರಿನ ಕಾಲಡಿಯ ಕಲೆ

ನಮ್ಮ ಬೀಗರಂಥ ಸುಳ್ಳುಗಾರರು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕೂ ತಾಲೂಕುಗಳಲ್ಲಿ ಮತ್ತೊಬ್ಬರು ಸಿಗಲಾರರು. ಸಿಟ್ಟಿನ ಭರದಲ್ಲಿ ಆಡಿದ ಮಾತಲ್ಲ ಇದು. ಆರು ವರ್ಷಗಳ ಕಾಲ ಸಿಟ್ಟನ್ನು ಸಣ್ಣ ಉರಿಯ ಮೇಲಿಟ್ಟು, ಆಗಾಗ ಕೈಯಾಡಿಸುತ್ತ, ತಳ ಹಿಡಿಯದಂತೆ ಕಾಯ್ದು ಆಡುತ್ತಿರುವ ಮಾತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಅವಮಾನವಾದೀತೆಂದು ಅಲ್ಲ. ಈ ಪುಟವನ್ನು ಕತ್ತರಿಸಿ ಕಿಸೆಯಲ್ಲಿಟ್ಟುಕೊಂಡು ಊರ ತುಂಬ ತೋರಿಸುತ್ತ ಅಡ್ಡಾಡಿಯಾರೆಂಬ ಭಯದಿಂದ.

ನನ್ನ ಮಗಳನ್ನು ಬನಹಟ್ಟಿಯ ನೇಕಾರರ ಮನೆಗೆ, ಅವರ ಒಬ್ಬನೇ ಮಗನಿಗೆ ಕೊಟ್ಟು ಎಂಟು ವರ್ಷವಾಯಿತು. ನಾವೂ ಮೂಲತಃ ನೇಕಾರರೇ. ನಮ್ಮ ತಂದೆಯವರ ಕಾಲಕ್ಕೆ ಮಗ್ಗ ಬಿಟ್ಟು ಮುಧೋಳ ಸೇರಿದವರು. ನಾನು ಏಳನೆಯ ಇಯತ್ತೆಗೆ ಸಾಲೆ ಮುಗಿಸಿ, ಮುಂದಿನದನ್ನೆಲ್ಲ ವಾಚನಾಲಯದ ಬೆಂಚಿನ ಮೇಲೆ ಕುಳಿತು ಕಲಿತವನು. ಹೊಟ್ಟೆಪಾಡಿಗೆ ನಲವತ್ತು ವರ್ಷ ಪಂಪ್‌ಸೆಟ್ಟುಗಳ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತಿದ್ದೇನೆ. ಮೋಟಾರು ತಂದವನು, "ಕರೆಂಟ್ ಹೆಚ್ಚುಕಮ್ಮಿ ಆತ್ರೀ" ಎಂದರೆ ನಾನು ನಂಬುತ್ತಿರಲಿಲ್ಲ. ಬಿಚ್ಚಿ ನೋಡುತ್ತಿದ್ದೆ. ನೂರಕ್ಕೆ ತೊಂಬತ್ತು ಮೋಟಾರುಗಳು ಬೇರೆಯೇ ಕಾರಣಕ್ಕೆ ಸುಟ್ಟಿರುತ್ತಿದ್ದವು. ಜನ ಹೇಳುವುದಕ್ಕೂ ಆದದ್ದಕ್ಕೂ ಸಂಬಂಧ ಕಡಿಮೆ ಎಂಬುದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ಮೋಟಾರಿನಿಂದ ಕಲಿತೆ.

ನಾನು ನನಗೆ ಹಾಕಿಕೊಂಡ ಒಂದು ಕಟ್ಟಳೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಹೆಣ್ಣು ಕೊಟ್ಟವನು ಕರೆಯದೆ ಬೀಗರ ಹೊಸ್ತಿಲು ತುಳಿಯಬಾರದು. ನಮ್ಮ ತಂದೆ ಹಾಗೆ ನಡೆದರು, ನಾನೂ ಹಾಗೆಯೇ ನಡೆದೆ. ಮಗಳ ಮದುವೆಯಾದ ಮೇಲೆ ಎರಡು ವರ್ಷದಲ್ಲಿ ಆ ಮನೆಗೆ ನಾನು ಹೋದದ್ದು ಮೂರೇ ಸಲ, ಮೂರೂ ಸಲ ಅವರೇ ಕರೆದದ್ದಕ್ಕೆ. ಮುಧೋಳದಿಂದ ಬನಹಟ್ಟಿ ಎಷ್ಟು ದೂರ ಎಂದು ಕೇಳಬೇಡಿರಿ. ಬಸ್ಸಿನಲ್ಲಿ ಕುಳಿತು ತಂಬಾಕು ತಿಕ್ಕಿ ಮುಗಿಸುವಷ್ಟರಲ್ಲಿ ಬರುತ್ತದೆ.

ಇನ್ನು ಬೀಗರ ಕಾರು. ಇಪ್ಪತ್ತು ವರ್ಷ ದಾಟಿದ ಬಿಳಿಯ ಕಾರು. ಅದರೊಳಗೆ ಚಪ್ಪಲಿ ಹಾಕಿಕೊಂಡು ಕೂಡುವಂತಿಲ್ಲ. ಗುಡಿಯಲ್ಲಿ ಚಪ್ಪಲಿ ಬಿಡುತ್ತೇವೆ, ಅಡುಗೆಮನೆಯಲ್ಲಿ ಬಿಡುತ್ತೇವೆ. ಕಾರಿನಲ್ಲಿ ಬಿಟ್ಟವರನ್ನು ನೀವು ಕಂಡಿದ್ದೀರಾ?

"ಬೀಗರ, ಕೆಳಗ ಹಾಸಿದ್ದು ಅರಿವಿ. ಅರಿವಿ ಮ್ಯಾಲ ಚಪ್ಪಲಿ ಇಟ್ರ ನೇಕಾರಗ ಏಳಿಗಿ ಇಲ್ಲ" ಎಂದರು ಮೊದಲ ದಿನವೇ.

"ಇದನ್ನ ನೀವು ನೇಯ್ದಿಲ್ಲ. ಕಂಪನಿ ಯಂತ್ರದಾಗ ಮಾಡೇತಿ" ಎಂದೆ.

"ನಮ್ಮ ಮನ್ಯಾಗಿನ ಪವರ್‌ಲೂಮೂ ಯಂತ್ರನ ಐತಲ್ರೀ. ಕಳೀರಿ."

ಕಳೆದೆ. ಬಿಚ್ಚಿದ ಚಪ್ಪಲಿಗಳನ್ನು ಒಂದು ಕೈಚೀಲದಲ್ಲಿ ಹಾಕಿ ತೊಡೆಯ ಮೇಲೆ ಇಟ್ಟುಕೊಳ್ಳಬೇಕೆಂಬುದು ಅವರ ನಿಯಮ. ಒಮ್ಮೆ ಬೀಳಗಿ ಕಡೆಯಿಂದ ಬರುವಾಗ ಅನಗವಾಡಿಯ ಹತ್ತಿರ ಹೊಳೆ ನೋಡಲೆಂದು ಇಳಿದೆವು. ಮರಳಿ ಹತ್ತುವಾಗ ನಾನು ಚಪ್ಪಲಿ ಕಳೆದವನು ಚೀಲಕ್ಕೆ ಹಾಕುವುದನ್ನು ಮರೆತೆ. ನಾಲ್ಕು ಮೈಲಿ ಹೋದ ಮೇಲೆ ನೆನಪಾಗಿ ಕಾರು ತಿರುಗಿಸಿದೆವು. ಹೋಗಿ ನೋಡಿದರೆ, ಹೊಳೆಗೆ ಮುಖ ಮಾಡಿ ಜೋಡಿಯಾಗಿ ನಿಂತ ನನ್ನ ಚಪ್ಪಲಿಗಳ ಸುತ್ತ ಏಳೆಂಟು ಜನ ನೆರೆದಿದ್ದರು. ಜಳಕಕ್ಕೆ ಇಳಿದ ಮುದುಕನೊಬ್ಬ ಮೇಲೆ ಬಂದಿಲ್ಲ ಎಂದು ಅಷ್ಟರಲ್ಲಿ ತೀರ್ಮಾನವಾಗಿತ್ತು. ಒಬ್ಬನಂತೂ ಮುದುಕ ಇಳಿಯುವುದನ್ನು ಕಣ್ಣಾರೆ ಕಂಡಿದ್ದನಂತೆ. ಇನ್ನೊಬ್ಬ, "ಭಾಳ ಛಲೋ ಮನಷ್ಯಾ ಇದ್ದಂಗ ಕಾಣತಾನ. ಚಪ್ಪಲಿ ಎಷ್ಟ ನೀಟಾಗಿ ಬಿಟ್ಟಾನ ನೋಡ್ರಿ" ಎನ್ನುತ್ತಿದ್ದ. ನನ್ನ ಬಗ್ಗೆ ಅಷ್ಟು ಒಳ್ಳೆಯ ಮಾತನ್ನು ಬದುಕಿರುವಾಗ ಯಾರೂ ಆಡಿರಲಿಲ್ಲವಾದ್ದರಿಂದ ಸ್ವಲ್ಪ ಹೊತ್ತು ನಿಂತು ಕೇಳಿದೆ. ಆಮೇಲೆ ಹೋಗಿ ಚಪ್ಪಲಿ ಮೆಟ್ಟಿಕೊಂಡೆ. ಕಣ್ಣಾರೆ ಕಂಡವನು ನನ್ನನ್ನು ಕ್ಷಮಿಸಲಿಲ್ಲ.

ಈಗ ಕಲೆಯ ವಿಷಯ.

ಮದುವೆಯ ಎರಡನೆಯ ವರ್ಷ ನಾಗರ ಪಂಚಮಿಗೆ ಮಗಳು ತವರಿಗೆ ಬಂದಿದ್ದಳು. ಹಬ್ಬ ಮುಗಿದ ಮೇಲೆ ಬೀಗರೇ ಕಾರು ತಂದರು. ನನ್ನನ್ನೂ ಕರೆದರು, ಕರೆದರಾದ್ದರಿಂದ ಹೊರಟೆ. ನನ್ನ ಹೆಂಡತಿ ಹೋಳಿಗೆಯ ಜೊತೆಗೆ ಒಂದು ಡಬ್ಬಿ ಕಟ್ಟಿನ ಸಾರು ಕೊಟ್ಟಳು. ಮುಚ್ಚಳದ ಮೇಲೆ ಅರಿವೆ ಬಿಗಿದು, ಎರಡು ಗಂಟು ಹಾಕಿದ್ದಳು. ಆಕೆ ಹಾಕಿದ ಗಂಟನ್ನು ಬಿಚ್ಚಲು ಆಕೆಯೇ ಬರಬೇಕು. ನಾನು ಕಾರು ನಡೆಸುತ್ತಿದ್ದ ಬೀಗರ ಹಿಂದೆ, ಬಲಗಡೆ ಕುಳಿತು ಡಬ್ಬಿಯನ್ನು ತೊಡೆಯ ಮೇಲೆ ಹಿಡಿದುಕೊಂಡಿದ್ದೆ. ಬನಹಟ್ಟಿ ಮುಟ್ಟಿದಾಗ ಡಬ್ಬಿ ತುಂಬಿತ್ತು. ಆ ರಾತ್ರಿ ಐದು ಜನ ಉಂಡೆವು, ಬೀಗರು ಎರಡು ಸಲ ಹಾಕಿಸಿಕೊಂಡರು.

ತಿಂಗಳಾದ ಮೇಲೆ ಫೋನು ಬಂತು.

"ಬೀಗರ, ನಿಮ್ಮ ಕಟ್ಟಿನ ಸಾರನ್ನ ನಮ್ಮ ಕಾರೂ ಉಂಡೈತಿ."

"ಅಂದ್ರ?"

"ಕಾರ್ಪೆಟ್ ಮ್ಯಾಲ ಇಷ್ಟಗಲ ಡಾಗ ಬಿದ್ದೈತ್ರೀ. ಕೆಂಪಗ. ನೀವು ಚೆಲ್ಲಿದ್ರಿ, ಸಂಕೋಚಕ್ಕ ಹೇಳಿಲ್ಲ. ಇರ್ಲಿ ಬಿಡ್ರಿ, ಬೀಗರಂದ್ರ ನಡೀತೈತಿ."

ಆ 'ಇರ್ಲಿ ಬಿಡ್ರಿ' ನನ್ನನ್ನು ಕುದಿಸಿತು. ಮಾಡದ ತಪ್ಪಿಗೆ ಸಿಕ್ಕ ಕ್ಷಮೆಯಷ್ಟು ಕಹಿಯಾದ ವಸ್ತು ಇನ್ನೊಂದಿಲ್ಲ. ಮರುದಿನ ಬೆಳಗಿನ ಬಸ್ಸಿಗೇ ಹೊರಟೆ. ಹೊರಡುವಾಗ ಹೆಂಡತಿ, "ಕರೀಲಾರದ ಹೊಂಟೀರಲ್ರೀ?" ಎಂದಳು. ನಾನು ಹೇಳಿದೆ: ಇದು ಬೀಗರ ಮನೆಗೆ ಹೋಗುವುದಲ್ಲ, ಇದು ವಿಚಾರಣೆ. "ವಿಚಾರಣಿಗೆ ಖಾಲಿ ಕೈಲೆ ಹೋಗಬ್ಯಾಡ್ರಿ" ಎಂದು ಶೇಂಗಾ ಹೋಳಿಗೆಯ ಡಬ್ಬಿ ಕೊಟ್ಟಳು.

ಕಲೆ ಹಿಂದಿನ ಸೀಟಿನ ಕಾಲಡಿ, ಎಡಗಡೆ ಇತ್ತು. ರೊಟ್ಟಿಯಷ್ಟು ಅಗಲ, ಕೆಂಪುಮಿಶ್ರಿತ ಕಂದು ಬಣ್ಣ. ನನಗೆ ನಗು ಬಂತು. ಬೀಗರನ್ನು ಕರೆದು, "ನೋಡ್ರಿ, ನಾ ಕುಂತದ್ದು ಬಲಗಡೆ. ಡಾಗ ಇರೂದು ಎಡಗಡೆ. ಮುಗೀತಲ್ಲ?" ಎಂದೆ.

ಬೀಗರು ಗಂಭೀರವಾಗಿ ಗಡ್ಡ ಕೆರೆದುಕೊಂಡರು. "ಎಡಗಡೆ ಕುಂತಾಕಿ ನನ್ನ ಸೊಸಿ. ಅಂದ್ರ ನಿಮ್ಮ ತಪ್ಪನ್ನ ನನ್ನ ಸೊಸಿ ಮ್ಯಾಲ ಹಾಕಾಕ ಬಂದೀರೇನು?"

ಚಹಾ ತಂದ ಮಗಳು ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅಂದಿನಿಂದ ನನ್ನ ಮಾನ ಬನಹಟ್ಟಿಯ ಬೀದಿಗೆ ಬಿತ್ತು. ಯಾರ ಮುಂದೆ ನನ್ನನ್ನು ಪರಿಚಯಿಸಿದರೂ, "ಇವ್ರು ನಮ್ಮ ಬೀಗರು, ಮುಧೋಳದವ್ರು. ನಮ್ಮ ಕಾರಿನಾಗ ಸಾರು ಚೆಲ್ಲಿದವ್ರು" ಎನ್ನುವರು. ಕೇಳಿದವರೂ, "ಹೌದ್ರೀ? ಇವ್ರನ?" ಎಂದು, ಬಹಳ ದಿನದಿಂದ ನೋಡಬೇಕೆಂದಿದ್ದವರ ಹಾಗೆ ಕೈ ಮುಗಿಯುವರು. ನಾನು ಸುಮ್ಮನಿರುವ ಜಾತಿಯವನೇ? ಮಗ್ಗಗಳಿಗೆ ಬಿಡುವಿದ್ದ ದಿನ ನೋಡಿಕೊಂಡು ವಾರಕ್ಕೊಮ್ಮೆ ಹೋಗತೊಡಗಿದೆ. ಮೊದಲು ಕಲೆ ತೆಗೆಯುವುದು, ಅದಾಗದಿದ್ದರೆ ಅದು ಸಾರಿನದಲ್ಲವೆಂದು ಸಾಧಿಸುವುದು, ಇದು ನನ್ನ ಸಂಕಲ್ಪ.

ಅಡುಗೆ ಸೋಡಾ ಉದುರಿಸಿ ನಿಂಬೆಹಣ್ಣು ಹಿಂಡಿದರೆ ಯಾವ ಕಲೆಯೂ ಹೋಗುತ್ತದೆಂದು ಮೊಬೈಲಿನಲ್ಲಿ ಒಬ್ಬ ಬೊಗಳುತ್ತಿದ್ದ. ಮೊಬೈಲಿನ ಮಾತನ್ನು ನಂಬುವವನಲ್ಲ ನಾನು. ಮನೆಯಲ್ಲಿ ಹಳೆಯ ಜಮಖಾನೆಯೊಂದರ ಮೇಲೆ ಕಟ್ಟಿನ ಸಾರು ಸುರಿದು, ಎರಡು ದಿನ ಒಣಗಿಸಿ, ಪ್ರಯೋಗ ಮಾಡಿದೆ. ಕಲೆ ಮೊದಲು ಹಳದಿಯಾಯಿತು, ಬಿಸಿಲಿಗೆ ಹಾಕಿದರೆ ಪೂರಾ ಹೋಯಿತು. ಅದೇ ಸೋಡಾ, ಅದೇ ನಿಂಬೆ, ಸೀಗೆಪುಡಿ, ಶಾಂಪೂ ಎಲ್ಲವನ್ನೂ ಕಾರಿನ ಕಲೆಯ ಮೇಲೆ ಹಾಕಿ ಬ್ರಶ್ಶಿನಿಂದ ತಿಕ್ಕಿದೆ, ಅದು ಜಗ್ಗಲಿಲ್ಲ. ಅಂದರೇನರ್ಥ? ಅದು ಸಾರೇ ಅಲ್ಲ! ಮುಂದಿನ ವಾರ ಜಮಖಾನೆಯನ್ನು ಸುರುಳಿ ಸುತ್ತಿ ಸಾಕ್ಷಿಗೆಂದು ಬಗಲಲ್ಲಿ ಇಟ್ಟುಕೊಂಡು ಹೋದೆ. ಬೀಗರು ಅದನ್ನು ಪಡಸಾಲೆಯಲ್ಲಿ ಬಿಚ್ಚಿ ಹಾಸಿದರು, ಕೈಯಾಡಿಸಿ ನೋಡಿದರು, ಮೇಲೆ ಕುಳಿತು ಚಹಾ ಕುಡಿದರು. ನನ್ನ ವಾದವನ್ನೆಲ್ಲ ಕೇಳಿ, "ಖರೆ ಐತ್ರೀ. ನೂಲು ಭಾಳ ಛಲೋ ಐತಿ. ಇಲ್ಲೇ ಇರ್ಲಿ ಬಿಡ್ರಿ" ಎಂದರು. ಸಾಕ್ಷಿ ಇಂದಿಗೂ ಅವರ ಪಡಸಾಲೆಯಲ್ಲೇ ಇದೆ.

"ಡಾಗ ತೆಗಿಯೂದು ಬುದ್ಧಿಗೇಡಿ ಕೆಲಸ" ಎಂದು ಅವರು ಒಮ್ಮೆ ಉಪದೇಶ ಮಾಡಿದರು. "ಸೀರಿಗೆ ಡಾಗ ಬಿದ್ರ ನಾವೇನ್ ಮಾಡ್ತೀವಿ? ಇಡೀ ಸೀರಿನ ಡಾಗಿನ ಬಣ್ಣಕ್ಕ ತರತೀವಿ."

ಕಾರ್ಪೆಟ್ಟನ್ನು ಬಿಚ್ಚದೆ, ಇದ್ದಲ್ಲಿಯೇ, ನೂಲಿಗೆ ಹಾಕುವ ಕೆಂಪು ಬಣ್ಣವನ್ನು ಬಕೆಟ್ಟಿನಲ್ಲಿ ಕಲಸಿ ಕುಂಚದಿಂದ ಬಳಿದರು. ನೂಲನ್ನು ಕುದಿಯುವ ಬಣ್ಣದಲ್ಲಿ ಅದ್ದಬೇಕು. ತಣ್ಣಗೆ ಬಳಿದ ಬಣ್ಣ ಹಿಡಿಯುವುದಿಲ್ಲವೆಂದು ಮೂರು ತಲೆಮಾರಿನ ನೇಕಾರನಿಗೆ ನಾನು ಹೇಳಿಕೊಡಬೇಕೆ? ಹೇಳಿದೆ. "ನೀವು ಮೋಟಾರ್ ನೋಡ್ರಿ, ಬಣ್ಣ ನಮಗ ಬಿಡ್ರಿ" ಎಂದರು. ಎರಡು ದಿನ ಬಿಟ್ಟು ಬೀಳಗಿಯಲ್ಲಿ ಅವರ ಸಂಬಂಧಿಕರ ಮನೆಯ ನಿಶ್ಚಿತಾರ್ಥ. ಬೇಸಿಗೆ. ಬರಿಗಾಲು. ಬೆವರು. ಕಾರಿನಿಂದ ಇಳಿದು ಬಿಳಿಯ ಟೈಲ್ಸಿನ ಮೇಲೆ ನಾವಿಬ್ಬರೂ ನಡೆದು ಒಳಗೆ ಹೋಗಿ ಕುಳಿತೆವು. ತಿರುಗಿ ನೋಡಿದರೆ ಹೊಸ್ತಿಲಿನಿಂದ ಜಮಖಾನೆಯವರೆಗೆ, ಕುಂಕುಮದ ನೀರಿನಲ್ಲಿ ಕಾಲಿಟ್ಟು ಮನೆ ತುಂಬಿದ ಮದುಮಗಳ ಹೆಜ್ಜೆಯಂತೆ, ನಾಲ್ಕು ಕೆಂಪು ಪಾದಗಳ ಸಾಲು. ನನ್ನ ಬಿಳಿಯ ಧೋತರದ ಅಂಚೂ ಕೆಂಪು. ಆ ಮನೆಯ ಹಿರಿಯ ಮುದುಕಿಯೊಬ್ಬಳು ಕೋಲೂರಿಕೊಂಡು ಬಂದು ಹೆಜ್ಜೆಗಳನ್ನು ನೋಡಿ, ನಮ್ಮಿಬ್ಬರ ಮೀಸೆಗಳನ್ನು ನೋಡಿ, "ಬರ್ರಿ ಯವ್ವಾ, ಲಕ್ಷ್ಮೀ ಬಂದಂಗಾತು" ಎಂದಳು. ಬೀಗರು ತಲೆ ಬಾಗಿಸಿ ನಮಸ್ಕಾರ ಮಾಡಿದರು. ನಾನು ಊಟದ ತನಕ ಕಾಲು ಮಡಚಿಕೊಂಡೇ ಕುಳಿತಿದ್ದೆ.

ಬಣ್ಣ ಹೋಯಿತು. ಕಲೆ ಇತ್ತು.

ಅಷ್ಟೇ ಆಗಿದ್ದರೆ ಬಿಟ್ಟುಬಿಡುತ್ತಿದ್ದೆನೇನೋ. ಆದರೆ ಒಂದು ಸಂಗತಿಯನ್ನು ನಾನು ಗಮನಿಸಿದೆ. ಮಳೆಗಾಲ ಬಂದಾಗಲೆಲ್ಲ ಕಲೆ ಬೆಳೆಯುತ್ತಿತ್ತು. ರೊಟ್ಟಿಯಷ್ಟಿದ್ದದ್ದು ಮೊರದಷ್ಟಾಯಿತು. ಚೆಲ್ಲಿದ ಸಾರು ವರ್ಷ ಬಿಟ್ಟು ಬೆಳೆಯುವುದುಂಟೆ? ಕೇಳಿದರೆ, "ಮಾಡಿದ ತಪ್ಪ ಒಪ್ಪಿಕೊಳ್ಳೂತನಾ ಬೆಳಿತೈತ್ರೀ" ಎಂದರು ಬೀಗರು. ಮೂರು ವರ್ಷ ಬೆಳೆದು, ಆಮೇಲೆ ಒಮ್ಮೆಲೇ ನಿಂತಿತು. ಅದಕ್ಕೂ ಅವರ ಬಳಿ ಉತ್ತರವಿತ್ತು: "ಅದಕ್ಕೂ ನಿಮ್ಮ ಮ್ಯಾಲ ಕನಿಕರ ಬಂದೈತಿ." ನನಗೆ ಖಾತ್ರಿಯಾಯಿತು. ಕಲೆ ಮೇಲಿನಿಂದ ಬಿದ್ದದ್ದಲ್ಲ, ಕೆಳಗಿನಿಂದ ಎದ್ದದ್ದು. ಕಾರ್ಪೆಟ್ ಎತ್ತಿ ನೋಡೋಣ ಎಂದೆ.

"ಬರಾಂಗಿಲ್ಲ. ಹಾಸಿದ್ದನ್ನ ಎತ್ತಬಾರದು. ನಮ್ಮಲ್ಲಿ ಪದ್ಧತಿ ಇಲ್ಲ."

ಪದ್ಧತಿ! ಬನಹಟ್ಟಿಯಲ್ಲೂ ರಬಕವಿಯಲ್ಲೂ ಹನ್ನೊಂದು ನೇಕಾರರ ಮನೆಗಳಿಗೆ ಹೋಗಿ ವಿಚಾರಿಸಿದೆ. ಅಂಥ ಪದ್ಧತಿಯನ್ನು ಯಾರೂ ಕೇಳಿರಲಿಲ್ಲ. ಹನ್ನೊಂದು ಮನೆಯಲ್ಲೂ ಚಹಾ ಕೊಟ್ಟು, "ಸಾರು ಚೆಲ್ಲಿದ ಬೀಗರು ನೀವನ ಏನ್ರೀ?" ಎಂದು ಕೇಳಿದರು.

ಹೋದ ತಿಂಗಳು ಬೀಗರು ಕಣ್ಣಿನ ಪೊರೆ ತೆಗೆಸಿಕೊಂಡರು. ಕಪ್ಪು ಕನ್ನಡಕ ಹಾಕಿಕೊಂಡು ಕೆಲವು ದಿನ ಮನೆಯಲ್ಲೇ ಕೂಡಬೇಕೆಂದು ಡಾಕ್ಟರು ಹೇಳಿದ್ದರು. ಈ ಸಲದ ಮಳೆಗೆ ಕಾರ್ಪೆಟ್ಟೂ ಮುಗ್ಗಿ ನಾರುತ್ತಿತ್ತು. ಕಾರಿನಲ್ಲಿ ಕೂಡಲಾಗುವುದಿಲ್ಲ ಎಂದು ಮಗಳೂ ಹೇಳಿದಳು. ಇಂಥ ಅವಕಾಶ ಮತ್ತೆ ಬರಲಾರದೆಂದು ನಾನು ಅಳಿಯನನ್ನು ಹೊರಡಿಸಿದೆ. "ಅಳಿಯಾರ, ಜಮಖಂಡಿಗೆ ನಡೀರಿ. ಹೊಸಾ ಕಾರ್ಪೆಟ್ ಹಾಕಿಸೂಣು." ಅಳಿಯ ಒಳಗೆ ಅಪ್ಪನಿದ್ದ ಕಡೆ ಒಮ್ಮೆ ನೋಡಿ, ಕಾರಿನ ಕೀಲಿ ತೆಗೆದುಕೊಂಡ.

ಜಮಖಂಡಿಯಲ್ಲಿ ಸೀಟಿನ ಕವರು, ಕಾರ್ಪೆಟ್ಟು ಹೊಲಿಯುವ ಮಿಸ್ತ್ರಿಯೊಬ್ಬನ ಅಂಗಡಿ. ಸೀಟುಗಳನ್ನು ಬಿಚ್ಚಿ ಹೊರಗಿಟ್ಟ. ಹಳೆಯ ಕಾರ್ಪೆಟ್ಟಿನ ಅಂಚಿಗೆ ಅವನು ಕೈ ಹಾಕಿದಾಗ ನಾನು ಬಗ್ಗಿ ನಿಂತಿದ್ದೆ. ಎತ್ತಿದ. ಕೆಳಗಿನ ತಗಡಿನ ತುಂಬ ತುಕ್ಕು. ಕಲೆ ಇದ್ದ ಜಾಗಕ್ಕೆ ಸರಿಯಾಗಿ, ಎಡಗಡೆ, ತಗಡು ಒಂದು ಕಾಲದಲ್ಲಿ ತೂತಾಗಿತ್ತು. ಅದರ ಮೇಲೆ ಬೇರೆ ತಗಡಿನ ತುಂಡಿಟ್ಟು ಬೆಸುಗೆ ಹಾಕಿದ್ದರು.

"ಹೊಳಿ ನೀರಿನ ತುಕ್ಕು ಇದು" ಎಂದ ಮಿಸ್ತ್ರಿ. "ಆ ವರ್ಷ ಹೊಳಿ ಬಂದಾಗ ನಿಮ್ಮ ಬೀಗರು ಹಿಪ್ಪರಗಿ ಡ್ಯಾಮಿಗೆ ನೀರು ನೋಡಾಕ ಹೋಗಿದ್ರಂತ. ಗಾಡಿ ಇಳುಕಲದಾಗ ನಿಲ್ಲಿಸಿ ನೋಡಕೋಂತ ನಿಂತ್ರ, ನೀರು ಬಂದು ಗಾಡಿನ ನೋಡಿ ಹೋತಂತ."

ಹೊಳೆಗೆ ಮಹಾಪೂರ ಬಂದ ಆ ವರ್ಷ ಎಂದರೆ ಅದೇ ಪಂಚಮಿಯ ವರ್ಷ. ಅಂದರೆ ತಪ್ಪು ಬೀಗರದ್ದು. ಪೂರ್ತಿ ಬೀಗರದ್ದು. ನನ್ನ ಎದೆ ಉಬ್ಬಿತು. "ಈ ಬೆಸಿಗಿ ಯಾರ ಹಾಕಿದ್ದು?" ಎಂದು ಕೇಳಿದೆ.

"ನಾನ ಹಾಕಿಸಿಕೊಟ್ಟೇನ್ರೀ, ಮೂರು ವರ್ಷಾತು. ಅವ್ರನ ತಂದಿದ್ರು."

"ಅಂದ್ರ ಅವರಿಗೆ ಗೊತ್ತಿತ್ತು?"

"ಗೊತ್ತಿಲ್ದ ಏನ್ರೀ? ಇಲ್ಲೇ ನಿಂತು ನೋಡ್ಯಾರ. ಡಾಗ ತುಕ್ಕಿಂದ ಐತಿ, ಹೊಸಾ ಕಾರ್ಪೆಟ್ ಹಾಕತೀನಿ ಅಂದೆ. ಒಲ್ಲೆ ಅಂದ್ರು."

ಮೂರು ವರ್ಷ! ಮೂರು ವರ್ಷ ಗೊತ್ತಿದ್ದೂ ಈ ಮನುಷ್ಯ ನನ್ನನ್ನು ಬೀದಿ ಬೀದಿಯಲ್ಲಿ ಸಾರು ಚೆಲ್ಲಿದವನೆಂದು ಮೆರೆಸಿದ. ಇಂದು ಬನಹಟ್ಟಿಗೆ ಹೋಗಿ, ಹನ್ನೊಂದು ಮನೆಯವರನ್ನೂ ಕರೆಸಿ, ಎಲ್ಲರ ಎದುರಿಗೆ ಒಪ್ಪಿಸುತ್ತೇನೆ ಎಂದು ಅಲ್ಲಿಯೇ ಶಪಥ ಮಾಡಿದೆ. "ಯಾಕ ಒಲ್ಲೆ ಅಂದ್ರು? ಜಿಪುಣತನಕ್ಕೇನು?"

ಮಿಸ್ತ್ರಿ ಹಳೆಯ ಕಾರ್ಪೆಟ್ಟನ್ನು ಮಡಚಿ ಮೂಲೆಗೆ ಒಗೆದು, ಕೈ ಒರೆಸಿಕೊಂಡ. "ನಾನೂ ಕೇಳಿದೆ. 'ಡಾಗ ಇರ್ಲಿ ಮಿಸ್ತ್ರಿ' ಅಂದ್ರು. 'ನಮ್ಮ ಬೀಗರು ಭಾಳ ಹಟದ ಮನಷ್ಯಾ. ಕರದ್ರ ಬರ್ತಾರ, ಇಲ್ಲಂದ್ರ ಇಲ್ಲ. ವಾರವಾರ ಹೆಂಗ ಕರೀಲಿ? ಈ ಡಾಗಿಗೆ ಜಗಳಾ ತಗ್ಯಾಕ ತಾವ ಬರ್ತಾರ. ಅಪ್ಪ ಬಂದು ಜಗಳಾಡಿ ಹ್ವಾದ ದಿನ ನಮ್ಮ ಸೊಸಿ ಹಾಡಕೋಂತ ರೊಟ್ಟಿ ಬಡಿತಾಳ' ಅಂದ್ರು."

ಅಳಿಯ ಅಂಗಡಿಯ ಹೊರಗೆ ಹೋಗಿ ರಸ್ತೆ ನೋಡುತ್ತ ನಿಂತ.

ಮಿಸ್ತ್ರಿ ಹೊಸ ಕಾರ್ಪೆಟ್ ಹಾಕಿ ಮುಗಿಸಿದ. ಬೂದಿಬಣ್ಣದ ಕಾರ್ಪೆಟ್ಟು. ಒಂದು ಚುಕ್ಕೆಯಿಲ್ಲ. ಚಪ್ಪಲಿ ಕಳೆದು, ಚೀಲಕ್ಕೆ ಹಾಕಿ, ಬಲಗಡೆ ಕುಳಿತೆ. ಜಗತ್ತಿನ ಎಲ್ಲ ಮಾತುಗಳನ್ನೂ ಬಿಚ್ಚಿ ನೋಡಿದವನು ನಾನು. ಹೆಣ್ಣು ಕೊಟ್ಟವನು ಕರೆಯದೆ ಹೋಗಬಾರದೆಂಬ ಒಂದು ಮಾತನ್ನು ಮಾತ್ರ ಬಿಚ್ಚಿರಲಿಲ್ಲ. ನಮ್ಮಪ್ಪ ಹಾಗೆ ನಡೆದನೆಂದು ನಾನೂ ನಡೆದೆ. ನನ್ನ ಅಕ್ಕನನ್ನು ರಬಕವಿಗೆ ಕೊಟ್ಟಿದ್ದರು. ಅವಳು ಹಾಡಿಕೊಳ್ಳುತ್ತ ರೊಟ್ಟಿ ಬಡಿದದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ.

ದಾರಿಯಲ್ಲಿ ಒಂದು ಹೋಟೆಲ್ಲಿನ ಮುಂದೆ ಅಳಿಯ ಕಾರು ನಿಲ್ಲಿಸಿದ. ಕಾಗದದ ಕಪ್ಪಿನಲ್ಲಿ ಚಹಾ ತಂದುಕೊಟ್ಟ. ಅರ್ಧ ಕುಡಿದೆ. ಉಳಿದರ್ಧವನ್ನು ಹೊಸ ಕಾರ್ಪೆಟ್ಟಿನ ಮೇಲೆ ಚೆಲ್ಲಿದೆ. ಕೈ ನಡುಗಿ ಚೆಲ್ಲಿತೆಂದು ಬರೆಯಬಹುದಿತ್ತು. ಆದರೆ ನಲವತ್ತು ವರ್ಷ ಕೂದಲೆಳೆಯಂಥ ತಂತಿ ಸುತ್ತಿದ ಕೈ ಇದು, ಒಂದು ಕಪ್ಪು ಚಹಾಕ್ಕೆ ನಡುಗುವುದಿಲ್ಲ. ಮುಂದಿನ ಕನ್ನಡಿಯಲ್ಲಿ ಅಳಿಯನ ಕಣ್ಣು ಕಂಡವು. ಅವನು ಅವನ್ನು ರಸ್ತೆಗೆ ತಿರುಗಿಸಿ ಕಾರು ಚಾಲೂ ಮಾಡಿದ.

ಬನಹಟ್ಟಿಯಲ್ಲಿ ಬೀಗರು ಕಪ್ಪು ಕನ್ನಡಕ ಹಾಕಿಕೊಂಡು ಕಟ್ಟೆಯ ಮೇಲೆ ಕಾಯುತ್ತಿದ್ದರು. ಮಗಳು ಹೇಳಿದ್ದಳೇನೋ, ನಾನು ಎಲ್ಲಿಂದ ಬಂದೆ, ಏನು ನೋಡಿ ಬಂದೆ ಎಂಬುದೆಲ್ಲ ಅವರ ಮುಖದ ಮೇಲಿತ್ತು. ಅಷ್ಟು ಸಣ್ಣದಾದ ಬೀಗರ ಮುಖವನ್ನು ನಾನು ನೋಡಿರಲಿಲ್ಲ. ಇಳಿದು ಬಂದು ಕಾರಿನ ಹಿಂದಿನ ಬಾಗಿಲು ತೆರೆದರು. ಬಹಳ ಹೊತ್ತು ಬಗ್ಗಿ ನಿಂತರು. ಬೆರಳಿಂದ ಮುಟ್ಟಿ, ಮೂಸಿ ನೋಡಿದರು.

"ಬೀಗರ, ಇದೇನು?"

"ಯಾವದು?"

"ಡಾಗ."

"ನನಗ ಕಾಣಸವಲ್ದು."

"ನನಗ ಹೊಸಾ ಕಣ್ಣ ಹಾಕ್ಯಾರ, ಛಲೋ ಕಾಣಸತೈತಿ. ಬಲಗಡೆ ಐತಿ. ಬಲಗಡೆ ಕೂಡಾವ್ರು ನೀವ ಅಲ್ರೀ?"

"ಇವತ್ತ ನಾ ಎಡಗಡೆ ಕುಂತಿದ್ದೆ" ಎಂದೆ.

ಬೀಗರು ಕನ್ನಡಕದ ಕೆಳಗೆ ಕೈ ಹಾಕಿದರು.

"ಕಣ್ಣ ಒರಸಬಾರದಂತ ಡಾಕ್ಟರ್ ಹೇಳ್ಯಾರ್ರೀ" ಎಂದೆ.

ಬೀಗರು ಕೈ ತೆಗೆದು, "ಇದು ಹಿಂಗ ನಿಂತ ನಿಂತಲ್ಲೆ ಬಗಿಹರಿಯೂದಲ್ಲ ಬಿಡ್ರಿ" ಎಂದರು. ಆಮೇಲೆ ಒಳಮುಖವಾಗಿ ತಿರುಗಿ ಜೋರಾಗಿ ಕೂಗಿದರು: "ಯವ್ವಾ, ನಿಮ್ಮಪ್ಪ ಮತ್ತ ಜಗಳಕ್ಕ ಬಂದಾರ. ಎರಡು ರೊಟ್ಟಿ ಹೆಚ್ಚಿಗಿ ಬಡಿ."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಒಂದು ಕ್ಷಣ ನಿಂತು, ಮತ್ತೆ ಶುರುವಾಯಿತು. ಈ ಸಲ ಅದರ ಜೊತೆಗೆ ಹಾಡೂ ಇತ್ತು.